ಅಳತೆ ಪುಸ್ತಕದ ದೆವ್ವ

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪ್ರೇಮಕುಮಾರಿಯ ಟೈಲರ್ ಅಂಗಡಿ ಇದೆ. ಅಂಗಡಿಯೆಂದರೆ ಒಂದು ಹೊಲಿಗೆ ಮೆಷಿನ್ನು, ಒಂದು ಬೆಂಚು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಅರ್ಧ ಹೊಲಿದ ರವಿಕೆಗಳು ಮತ್ತು ಒಂದು ದಪ್ಪನೆಯ ಅಳತೆ ಪುಸ್ತಕ. ಆ ಪುಸ್ತಕವನ್ನು ಮುಂದಿನಿಂದ ತೆರೆದರೆ ಊರ ಹೆಂಗಸರ ಎದೆ, ಸೊಂಟ, ತೋಳಿನ ಲೆಕ್ಕ ಸಿಗುತ್ತದೆ. ಹಿಂದಿನಿಂದ ತೆರೆದರೆ ದೆವ್ವ ಸಿಗುತ್ತದೆ.

ದೆವ್ವದ ಹೆಸರು ನಿಶಾಂತ್. ಆರಡಿ ಎತ್ತರ, ಹಾಲಿನಂಥ ಬಣ್ಣ, ಬಿಳಿ ಅಂಗಿ, ಕೊಳಲು ಬೇರೆ ನುಡಿಸುತ್ತಾನೆ. ಅರಕಲಗೂಡಿನ ಒಂದು ಬಾಡಿಗೆ ಮನೆಯಲ್ಲಿ ಸತ್ತವನು, ಜಾಗ ಮಾತ್ರ ಖಾಲಿ ಮಾಡಿಲ್ಲ. ಆ ಮನೆಗೆ ಬಂದ ಬ್ಯಾಂಕಿನ ಹುಡುಗಿ ಕೋಮಲಾ ಮೊದಲು ಹೆದರಿದಳು, ಆಮೇಲೆ ಬೈದಳು, ಕೊನೆಗೆ ಪ್ರೀತಿಸಿಬಿಟ್ಟಳು. ಮೊಬೈಲಿನಲ್ಲಿ ಕಥೆ ಓದುವ ಆ್ಯಪ್ ಒಂದರಲ್ಲಿ ವಾರಕ್ಕೆರಡರಂತೆ ಎಂಬತ್ತೆರಡು ಕಂತು ಬಂದು, ಸಾವಿರಾರು ಹೆಂಗಸರು ಈ ದೆವ್ವಕ್ಕೆ ಮನಸೋತಿದ್ದರು. ಲೇಖಕಿಯ ಹೆಸರು ಪ್ರೇಮಕುಮಾರಿ ಎಂದು ಕಂಡಾಗ ಅದು ಕಾವ್ಯನಾಮವೇ ಇರಬೇಕೆಂದು ಅವರೆಲ್ಲ ತಿಳಿದಿದ್ದರು. ಅಪ್ಪ ಇಟ್ಟ ಹೆಸರು ಅದು, ಪಡಿತರ ಚೀಟಿಯಲ್ಲೂ ಅದೇ ಇದೆ.

ಎಂಬತ್ತಮೂರನೆಯದು ಕೊನೆಯ ಕಂತು. ಮಹಾಲಯ ಅಮಾವಾಸ್ಯೆ ಕಳೆದ ಮೇಲಿನ ಭಾನುವಾರ ಅದನ್ನು ಹಾಕುತ್ತೇನೆಂದು ಅವಳು ಓದುಗರಿಗೆ ಮಾತು ಕೊಟ್ಟಾಗಿತ್ತು. ನಿಶಾಂತ್ ಹೋಗಲೇಬೇಕು, ಕೋಮಲಾ ಬದುಕಬೇಕು. ಇಷ್ಟು ಗೊತ್ತಿದ್ದೂ ಅವನನ್ನು ಕಳಿಸುವುದು ಹೇಗೆಂದು ಪ್ರೇಮಕುಮಾರಿಗೆ ತಲೆಕೆಳಗಾಗಿ ನಿಂತರೂ ಹೊಳೆಯುತ್ತಿರಲಿಲ್ಲ.

ದೆವ್ವದ ಪ್ರೇಮಕಥೆ ಬರೆಯುವವರು ಕಿಟಕಿಯ ಪಕ್ಕ ಕೂತು ಚಂದ್ರನನ್ನು ನೋಡುತ್ತಾರೆಂದು ಯಾರಾದರೂ ಅಂದುಕೊಂಡಿದ್ದರೆ ಅವರು ನುಗ್ಗೇಹಳ್ಳಿಯ ಬೆಳಗಿನ ಬಸ್ಸು ಹತ್ತಬೇಕು. ಮನೆ ನುಗ್ಗೇಹಳ್ಳಿಯಲ್ಲಿ, ಅಂಗಡಿ ಪಟ್ಟಣದಲ್ಲಿ. ಆ ದಾರಿಯಲ್ಲೇ, ಕಾಲಡಿಯಲ್ಲಿ ಯಾರದೋ ತೆಂಗಿನಕಾಯಿ ಮೂಟೆ, ಮಡಿಲಲ್ಲಿ ಯಾರದೋ ಮಗು ಇಟ್ಟುಕೊಂಡು, ಪ್ರೇಮಕುಮಾರಿ ಮುಂದಿನ ಕಂತನ್ನು ಮನಸ್ಸಿನಲ್ಲೇ ಕತ್ತರಿಸಿ ಜೋಡಿಸುತ್ತಿದ್ದಳು. ಊಟದ ಹೊತ್ತಿನಲ್ಲಿ ಗಿರಾಕಿಗಳು ಇಲ್ಲದಾಗ ಅಳತೆ ಪುಸ್ತಕ ತಿರುವಿ ಬರೆಯುತ್ತಿದ್ದಳು. ಮಧ್ಯೆ ಯಾರಾದರೂ ಬಂದರೆ ನಿಶಾಂತ್ ಕೋಮಲಾಳ ಕೈ ಹಿಡಿದವನು ಹಾಗೇ ನಿಂತಿರಬೇಕು, ರವಿಕೆಯ ಕುತ್ತಿಗೆ ಎಷ್ಟು ಇಳಿಸಬೇಕೆಂಬ ಚರ್ಚೆ ಮುಗಿಯುವವರೆಗೆ. ಬೆಳಿಗ್ಗೆ ಎದ್ದು ಒಲೆಗೆ ನೀರಿಟ್ಟ ಮೇಲೆ ಮೊಬೈಲಿನಲ್ಲಿ ಒಂದೇ ಬೆರಳಲ್ಲಿ ಟೈಪು ಮಾಡುತ್ತಿದ್ದಳು.

ಒಮ್ಮೆ ಓದುಗರೊಬ್ಬರು ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಮೇಲೆ ಬರೆಯಿರಿ, ದೆವ್ವಕ್ಕೆ ಹೇಳಿ ಮಾಡಿಸಿದ ಜಾಗ ಎಂದು ಸಲಹೆ ಕೊಟ್ಟರು. ಅವಳು ಮಗಳು ಸೌಜನ್ಯಳನ್ನು ಕರೆದುಕೊಂಡು ಹೋಗಿ ನೋಡಿ ಬಂದಳು. ಅಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಮೂರು ಜೋಡಿಗಳಿದ್ದವು. ದೆವ್ವಕ್ಕೆ ನಿಲ್ಲಲೂ ಜಾಗವಿರಲಿಲ್ಲ.

ಬರೆದದ್ದನ್ನು ಮೊದಲು ಕೇಳುವವರು ಅತ್ತೆ ಲಕ್ಕಮ್ಮ. ಸೌಜನ್ಯ ಓದಿಗೆಂದು ಹಾಸನದ ಹಾಸ್ಟೆಲು ಸೇರಿದ ಮೇಲೆ ಮನೆಯಲ್ಲಿ ಅತ್ತೆ, ಸೊಸೆ ಮತ್ತು ಭೀಮನೆಂಬ ಮುದಿ ನಾಯಿ, ಇಷ್ಟೇ. ಲಕ್ಕಮ್ಮನಿಗೆ ಅಕ್ಷರ ಬಾರದು. ಆದರೆ ದೆವ್ವಗಳ ವಿಚಾರದಲ್ಲಿ ಅವರಿಗೆ ತಿಳಿಯದ್ದಿಲ್ಲ. ಸಂಜೆ ಜಗಲಿಯಲ್ಲಿ ಕೂತು ಕುಡುಗೋಲಿನಿಂದ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಾ ಕೇಳುತ್ತಿದ್ದರು. ಸೊಸೆ ಎಲ್ಲಾದರೂ ದಾರಿ ತಪ್ಪಿದರೆ ಕುಡುಗೋಲು ನಿಲ್ಲುತ್ತಿತ್ತು. ಅಮಾವಾಸ್ಯೆ ದಿನ ದೆವ್ವ ನಗಲ್ಲ, ತೆಗಿ. ಉಪ್ಪಿನ ಮಡಕೆ ಇರೋ ಕೋಣೆಗೆ ಅವನು ಹೆಂಗೆ ಬಂದ, ತೆಗಿ. ಪ್ರೇಮಕುಮಾರಿ ತೆಗೆಯುತ್ತಿದ್ದಳು. ಅತ್ತೆ ನಂಬದ ಒಂದು ಸಾಲನ್ನೂ ಅವಳು ಇದುವರೆಗೆ ಆ್ಯಪಿಗೆ ಹಾಕಿದ್ದಿಲ್ಲ.

ಅವಳ ಗಂಡ, ಲಕ್ಕಮ್ಮನ ಒಬ್ಬನೇ ಮಗ ನಂಜುಂಡೇಶ್, ಹೋಗಿ ಆರು ವರ್ಷವಾಗಿತ್ತು. ಕಾಮಾಲೆ ಬಂದು ಒಂಬತ್ತೇ ದಿನಕ್ಕೆ. ಕುಳ್ಳಗೆ, ಕಪ್ಪಗೆ ಇದ್ದ ಮನುಷ್ಯ. ಕಾಯಿ ಮೂಟೆ ಹೊತ್ತು ಹೊತ್ತು ಬಲಭುಜ ಕೊಂಚ ಇಳಿದಿತ್ತು. ದಿನಕ್ಕೆ ಎಂಟು ಮಾತಾಡಿದರೆ ಅವತ್ತು ಬಹಳ ಮಾತಾಡಿದನೆಂದು ಲೆಕ್ಕ. ಹೊಸ ಸೀರೆ ಉಟ್ಟು ಎದುರು ನಿಂತರೂ 'ಆಯ್ತು ಬುಡು' ಎನ್ನುತ್ತಿದ್ದ. ಅದಕ್ಕೇ ಕಥೆಯ ನಾಯಕನನ್ನು ಮಾಡುವಾಗ ಪ್ರೇಮಕುಮಾರಿ ಗಂಡನಲ್ಲಿ ಇಲ್ಲದ್ದನ್ನೆಲ್ಲ ಆರಿಸಿ ಆರಿಸಿ ಇಟ್ಟಿದ್ದಳು. ಇದನ್ನು ಅವಳು ಸೌಜನ್ಯಳ ಮುಂದೆ ನಾಚಿಕೆಯಿಲ್ಲದೆ ಹೇಳಿ ನಕ್ಕಿದ್ದೂ ಉಂಟು. ಗಂಡನ ಮೇಲಿನ ಮುನಿಸಿಗೆ ಮಾಡಿದ್ದಲ್ಲ. ಅವನು ಇದ್ದಾಗ ಕೇಳದೆ ಹೋದದ್ದನ್ನು ಯಾರ ಬಾಯಲ್ಲಾದರೂ ಕೇಳೋಣ ಅಂತ ಅಷ್ಟೆ.

ಆ ಮನೆಯಲ್ಲಿ ಅವನ ವಿಷಯಕ್ಕೆ ಒಂದು ಗಂಟು ಬಿದ್ದಿತ್ತು. ಪ್ರತಿವರ್ಷ ಮಹಾಲಯ ಅಮಾವಾಸ್ಯೆಯಂದು, ಪಕ್ಷದ ಹಬ್ಬಕ್ಕೆ, ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಅವರು ಇಷ್ಟಪಡುತ್ತಿದ್ದ ಅಡುಗೆ ಮಾಡಿ ಎಲೆಗೆ ಬಡಿಸಿ, ಹೊಸ ಬಟ್ಟೆ ಪಕ್ಕದಲ್ಲಿಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುತ್ತಾರೆ. ಒಳಗೆ ಅವರು ಬಂದು ಉಂಡು ಹೋಗಲಿ ಅಂತ. ಮಾವ ಹುಚ್ಚಯ್ಯನವರಿಗೆ ಎಲೆ ಬೀಳುತ್ತಿತ್ತು, ಅವರ ಅಪ್ಪ ಅಮ್ಮನಿಗೂ ಬೀಳುತ್ತಿತ್ತು. ನಂಜುಂಡೇಶನಿಗೆ ಮಾತ್ರ ಲಕ್ಕಮ್ಮ ಎಲೆ ಹಾಕಲು ಬಿಟ್ಟಿರಲಿಲ್ಲ. ಮೊದಲ ವರ್ಷ ನೆಂಟರು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು.

"ಅವ್ನು ಯಾವ ಇರೀಕ? ಎತ್ತವ್ವ ನಾನಿನ್ನೂ ಬದ್ಕಿವ್ನಿ."

ಆಮೇಲೆ ಯಾರೂ ಕೇಳಲಿಲ್ಲ. ಪ್ರೇಮಕುಮಾರಿಯಂತೂ ಕೇಳಲೇ ಇಲ್ಲ.

ಎಂಬತ್ತೆರಡನೇ ಕಂತನ್ನು ಅತ್ತೆಗೆ ಓದಿ ಹೇಳಿದ್ದು ಪಿತೃಪಕ್ಷ ಶುರುವಾದ ವಾರ. ಕೋಮಲಾಗೆ ಹಾಸನಕ್ಕೆ ವರ್ಗವಾಗಿದೆ, ಮನೆ ಬಿಡಬೇಕು. ದೆವ್ವ ಉಣ್ಣುವುದಿಲ್ಲವೆಂದು ಗೊತ್ತಿದ್ದೂ ಅವಳು ಮುದ್ದೆ ಮಾಡಿ, ಸೊಪ್ಪಿನ ಸಾರು ಮಾಡಿ ಅವನ ಮುಂದೆ ತಟ್ಟೆ ಇಡುತ್ತಾಳೆ. ನಿಶಾಂತ್ ಹೊರಗಿಂದ ಬಂದವನು ಹೊಸ್ತಿಲ ಬಳಿ ಚಪ್ಪಲಿ ಎರಡನ್ನೂ ಒಂದಕ್ಕೊಂದು ತಟ್ಟಿ, ಒಳಗೆ ಬಂದು ಕೂರುತ್ತಾನೆ. ಮುದ್ದೆ ಮುರಿಯುತ್ತಾನೆ. ಕೊನೆಯ ತುತ್ತನ್ನು ತಟ್ಟೆಯ ಅಂಚಿಗೆ ಒತ್ತಿ ನಾಯಿಗೆಂದು ಉಳಿಸುತ್ತಾನೆ.

ಲಕ್ಕಮ್ಮನ ಕುಡುಗೋಲು ನಿಂತಿತು. ಸೊಸೆ ಏನು ತಪ್ಪಾಯಿತೆಂದು ಕೇಳಲು ತಲೆಯೆತ್ತಿದಳು. ಲಕ್ಕಮ್ಮ ಭೀಮನ ಕಡೆ ನೋಡುತ್ತಿದ್ದರು. ತೆಗಿ ಎನ್ನಲಿಲ್ಲ. ಮಡಿಲ ಮೇಲಿನ ಗರಿ ಕೊಡವಿ ಎದ್ದು ಒಳಗೆ ಹೋಗಿ ಮಲಗಿಬಿಟ್ಟರು. ಇನ್ನೂ ದೀಪ ಹಚ್ಚುವ ಹೊತ್ತೂ ಆಗಿರಲಿಲ್ಲ.

ಪ್ರೇಮಕುಮಾರಿ ಆ ಸಾಲನ್ನು ಮತ್ತೆ ಓದಿಕೊಂಡಳು. ಆಗ ಹೊಳೆಯಿತು. ಭೀಮ ಮರಿಯಾಗಿದ್ದಾಗಿನಿಂದ ಅದಕ್ಕೆ ಮುದ್ದೆಯ ಕೊನೆಯ ತುತ್ತು ಉಳಿಸುತ್ತಿದ್ದವನು ನಂಜುಂಡೇಶ್. ಹೊಸ್ತಿಲ ಬಳಿ ಚಪ್ಪಲಿ ತಟ್ಟಿ ಮಣ್ಣು ಉದುರಿಸುತ್ತಿದ್ದವನೂ ಅವನೇ. ಅವಳು ಪುಟ ತಿರುವುತ್ತಾ ಹಿಂದೆ ಹಿಂದೆ ಹೋದಳು. ಕೋಮಲಾ ಅತ್ತಾಗ ನಿಶಾಂತ್ ಏನೂ ಹೇಳದೆ ಹೋಗಿ ನೀರಿನ ಚೊಂಬು ತಂದಿಡುತ್ತಾನೆ. ಕೋಮಲಾ ಜಗಳ ಆಡಿ ಸುಸ್ತಾದಾಗ 'ಆಯ್ತು ಬಿಡು' ಎನ್ನುತ್ತಾನೆ, ಅದಕ್ಕೆ ಓದುಗರು ನೂರಾರು ಕೆಂಪು ಹೃದಯ ಕಳಿಸಿದ್ದರು. ಕೊಳಲು, ಬಣ್ಣ, ಆರಡಿ ಎತ್ತರ ಇವಿಷ್ಟೇ ಅವಳು ಕಷ್ಟಪಟ್ಟು ಕಲ್ಪಿಸಿದ್ದು. ಉಳಿದದ್ದೆಲ್ಲ ಕೇಳದೆಯೇ ಬಂದು ಸೇರಿಕೊಂಡಿತ್ತು.

ತನ್ನ ಕೈಯಾರೆ ಮುದುಕಿಯ ಹೊಟ್ಟೆಗೆ ಬೆಂಕಿ ಇಟ್ಟೆನಲ್ಲ ಎಂದು ಅವಳಿಗೆ ಅಳು ಬಂತು.

ಮರುದಿನದಿಂದ ಲಕ್ಕಮ್ಮ ಕಥೆ ಕೇಳಲು ಬರಲಿಲ್ಲ. ಊಟಕ್ಕೆ ಕರೆದರೆ ಬಂದರು, ಮಾತಾಡಿಸಿದರೆ ಹ್ಞೂಂ ಅಂದರು. ಪ್ರೇಮಕುಮಾರಿ ಅಂಗಡಿಯಲ್ಲಿ ಕೂತು ಕೊನೆಯ ಕಂತನ್ನು ಮೂರು ಸಲ ಬರೆದಳು. ಒಂದರಲ್ಲಿ ಕೊಳ್ಳೇಗಾಲದ ಕಡೆಯ ಮಂತ್ರವಾದಿ ಬಂದು ನಿಂಬೆಹಣ್ಣು ಕೊಯ್ದ. ಇನ್ನೊಂದರಲ್ಲಿ ಕೋಮಲಾ ತಾನೂ ಸತ್ತು ಅವನನ್ನು ಸೇರಿದಳು. ಮೂರನೆಯದರಲ್ಲಿ ನಿಶಾಂತ್ ಎದುರು ಮನೆಯ ಮಗುವಾಗಿ ಹುಟ್ಟಿದ. ಮೂರನ್ನೂ ಹರಿದು ಚಿಂದಿ ಬಟ್ಟೆಯ ಚೀಲಕ್ಕೆ ಹಾಕಿದಳು. ಈಗ ಅವನು ಯಾರೆಂದು ಗೊತ್ತಾದ ಮೇಲೆ ಮಂತ್ರವಾದಿಯ ಕೈಗೆ ಕೊಡುವುದು ಯಾವ ಹೆಂಡತಿಗೆ ಸಾಧ್ಯ? ಅವನನ್ನು ಕಳಿಸಿದರೆ ಅತ್ತೆಗೆ ಮಗ ಎರಡನೇ ಸಲ ಹೋದಂತೆ. ಕಥೆಯನ್ನು ಅಷ್ಟಕ್ಕೇ ನಿಲ್ಲಿಸಿಬಿಡುತ್ತೇನೆ, ಓದುಗರು ಬೈದರೆ ಬೈಸಿಕೊಳ್ಳುತ್ತೇನೆ ಎಂದು ತೀರ್ಮಾನಿಸಿದಳು.

ಅಮಾವಾಸ್ಯೆಗೆ ಮೂರು ದಿನ ಇರುವಾಗ, ಬೆಳಿಗ್ಗೆ ಬಸ್ಸಿಗೆ ಹೊರಟವಳನ್ನು ಲಕ್ಕಮ್ಮ ಬಾಗಿಲಲ್ಲಿ ತಡೆದರು. ಅವರ ಕೈಯಲ್ಲಿ ನೀಲಿ ಗೆರೆಯ ಬಟ್ಟೆಯ ಒಂದು ತುಂಡಿತ್ತು. ಯಾವಾಗ ತರಿಸಿ ಇಟ್ಟುಕೊಂಡಿದ್ದರೋ, ಮಡಿಕೆಗಳಲ್ಲಿ ಬಣ್ಣ ಮಾಸಿತ್ತು.

"ಒಂದು ಅಂಗಿ ಒಲ್ಕಂಡು ಬಾ, ಅಬ್ಬುಕ್ಕೆ."

"ಯಾರ್ಗತ್ತೆ? ಮಾವನೋರ್ಗೆ ನಾನೇ ಪಂಚೆ ತಂದಿವ್ನಲ್ಲ."

ಲಕ್ಕಮ್ಮ ಬಟ್ಟೆಯನ್ನು ಸೊಸೆಯ ಕೈಗೆ ಒತ್ತಿದರು. "ಆ ಆರಡಿಯೋನ್ಗಲ್ಲ ಕಣವ್ವ. ನಮ್ಮೋನ್ಗೆ."

ಅವತ್ತು ಪ್ರೇಮಕುಮಾರಿ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಳು. ಹೊಲಿಗೆ ಕಲಿತದ್ದೇ ಗಂಡನ ಅಂಗಿಗಳ ಮೇಲೆ. ಪುಸ್ತಕದ ಮುಂಬದಿಯ ಮೊದಲ ಪುಟದಲ್ಲಿರುವುದು ಅವನ ಅಳತೆಯೇ. ಅದನ್ನು ತೆರೆದು ನೋಡುವ ಅಗತ್ಯ ಅವಳಿಗೆ ಬೀಳಲಿಲ್ಲ. ಬಲಭುಜಕ್ಕೆ ಅರ್ಧ ಇಂಚು ಇಳಿಸಿ ಗುರುತು ಹಾಕುವಾಗ ಮಾತ್ರ ಸೀಮೆಸುಣ್ಣ ಹಿಡಿದ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ರವಿಕೆ ಕೇಳಲು ಬಂದವರಿಗೆಲ್ಲ ಹಬ್ಬ ಕಳೆದ ಮೇಲೆ ಬನ್ನಿ ಎಂದಳು.

ಹಬ್ಬದ ಸಂಜೆ ನಾಲ್ಕನೇ ಎಲೆ ಬಿತ್ತು. ನಾಟಿ ಕೋಳಿ ಸಾರು, ಮುದ್ದೆ, ವಡೆ, ಪಾಯಸ. ನಂಜುಂಡೇಶನ ಎಲೆಯ ಪಕ್ಕ ನೀಲಿ ಗೆರೆಯ ಅಂಗಿ, ಅದರ ಮೇಲೆ ಒಂದು ಕಟ್ಟು ಬೀಡಿ. ಬೀಡಿ ಸೇದುತ್ತೀಯೆಂದು ಅವನನ್ನು ಬೈಯುತ್ತಿದ್ದ ತಾಯಿಯೇ ಅದನ್ನು ಇಟ್ಟರು. ಧೂಪ ಹಾಕಿ, ಬಾಗಿಲೆಳೆದುಕೊಂಡು ಅತ್ತೆ ಸೊಸೆ ಜಗಲಿಗೆ ಬಂದು ಕೂತರು. ಭೀಮ ಬಾಗಿಲಿಗೆ ಮೂಗು ಹಚ್ಚಿ ಮಲಗಿತು. ಕೋಳಿಯ ವಾಸನೆಗೆ ಎಂದು ಪ್ರೇಮಕುಮಾರಿ ಅಂದುಕೊಂಡಳು, ಬೇರೆ ಏನೂ ಅಂದುಕೊಳ್ಳದೆ ಇರಲು ಪ್ರಯತ್ನಪಟ್ಟಳು.

ತಪ್ಪಾಯ್ತು ಅತ್ತೆ, ಬೇಕಂತ ಬರೀಲಿಲ್ಲ ಎಂದು ಅವಳು ಮೆಲ್ಲಗೆ ಶುರುಮಾಡಿದಳು. ಲಕ್ಕಮ್ಮ ಕೈಯಾಡಿಸಿ ನಿಲ್ಲಿಸಿದರು.

"ನಿಂದೇನವ್ವ ತಪ್ಪು. ಆರು ವರ್ಸ ನಾನು ಅವ್ನಿಗೊಂದು ಎಲೆ ಆಕ್ಲಿಲ್ಲ. ಅವ್ನಾದ್ರೂ ಎಲ್ಲಿಗೋಯ್ತನೆ? ಅಸ್ಕಂಡು ಬಂದು ನಿನ್ನ ಪುಸ್ತಕದಲ್ಲಿ ಕೂತ್ಕಂಡ."

ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದರು. "ನೀನು ದಿನಾ ಓದ್ತಿದ್ಯಲ್ಲ, ನಂಗೆ ಮೊದ್ಲೇ ಗೊತ್ತಾಗಿತ್ತು. ನೀರಿನ ಚೊಂಬು ತಂದಿಟ್ನಲ್ಲ, ಅವತ್ತೇ. ಇನ್ನೊಂದಿನ ಇರ್ಲಿ, ಇನ್ನೊಂದಿನ ಇರ್ಲಿ ಅಂತ ಸುಮ್ಕಿದ್ದೆ. ಮುದ್ದೆ ಉಂಡ್ನಲ್ಲ, ಆಗ ಕರ್ಳು ಕಿತ್ಬಂತು."

ಪ್ರೇಮಕುಮಾರಿ ಅತ್ತೆಯ ಕೈ ಹಿಡಿದುಕೊಂಡಳು. ಗರಿ ಸೀಳಿ ಸೀಳಿ ಒರಟಾದ ಕೈ. ಇಬ್ಬರೂ ಅತ್ತರು, ಆರು ವರ್ಷದಲ್ಲಿ ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು. ಇಷ್ಟು ದಿನ ಒಬ್ಬರಿಗೊಬ್ಬರು ಕಾಣದಂತೆ ಅಳುವುದರಲ್ಲೇ ಕಾಲ ಕಳೆದಿದ್ದರು.

ಹೊತ್ತಾದ ಮೇಲೆ ಲಕ್ಕಮ್ಮ ಕಣ್ಣೊರೆಸಿಕೊಂಡು, ಒಳಗಿರುವವರಿಗೆ ಮುಜುಗರವಾಗದಂತೆ ಎರಡು ಸಲ ಕೆಮ್ಮಿ ಬಾಗಿಲು ತೆರೆದರು. ಎಲೆಗಳು ಇಟ್ಟ ಹಾಗೇ ಇದ್ದವು. ಧೂಪದ ಹೊಗೆ ಮಾತ್ರ ಕಿಟಕಿಯ ಕಡೆ ಹೋಗುತ್ತಿತ್ತು. ಮಗನ ಎಲೆಯ ಮುಂದೆ ಕೂತು ಲಕ್ಕಮ್ಮ ಮುದ್ದೆಯನ್ನು ಸೊಸೆಗೊಂದಿಷ್ಟು ಕೊಟ್ಟು ತಾವೊಂದಿಷ್ಟು ತಿಂದರು. ಕೊನೆಯ ತುತ್ತನ್ನು ಎಲೆಯ ಅಂಚಿಗೆ ಒತ್ತಿ ಭೀಮನನ್ನು ಕರೆದರು.

ಕೊನೆಯ ಕಂತು ಪ್ರೇಮಕುಮಾರಿಗೆ ಮರುದಿನದ ಬಸ್ಸಿನಲ್ಲೇ ಸಿಕ್ಕಿತು. ಮಂತ್ರವಾದಿ ಬೇಕಾಗಲಿಲ್ಲ. ಮನೆ ಬಿಡುವ ದಿನ ಕೋಮಲಾ ಒಂದು ಎಲೆ ಹಾಕಿ ಬಡಿಸುತ್ತಾಳೆ, ಬಾಗಿಲು ಮುಚ್ಚಿ ಹೊರಗೆ ಕೂರುತ್ತಾಳೆ, ಕೆಮ್ಮಿ ಒಳಗೆ ಹೋಗುತ್ತಾಳೆ. ಅಷ್ಟೆ. ಸಂಜೆ ಜಗಲಿಯಲ್ಲಿ ಓದಿದಳು. ಲಕ್ಕಮ್ಮ ಗರಿ ಸೀಳುತ್ತಾ ಕೇಳಿದರು. ಕಟ್ಟಕಡೆಯ ಸಾಲು ಹೀಗಿತ್ತು: ಹಿತ್ತಿಲ ಕಡೆಯಿಂದ, ಚಪ್ಪಲಿಗಳನ್ನು ಒಂದಕ್ಕೊಂದು ತಟ್ಟಿದ ಸದ್ದು ಕೋಮಲಾಗೆ ಕೇಳಿಸಿತು.

ಕುಡುಗೋಲು ನಿಂತಿತು.

"ಅದು ತೆಗಿ. ಬರೋವಾಗ ತಟ್ತಿದ್ದ ಕಣವ್ವ," ಎಂದರು ಲಕ್ಕಮ್ಮ. "ಓಗೋವಾಗ ಸದ್ದೇ ಮಾಡ್ತಿರ್ಲಿಲ್ಲ."

ಪ್ರೇಮಕುಮಾರಿ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದು ಹಾಕಿದಳು.