ಎಣ್ಣೆ ಕಲೆಯ ಕಾರ್ಡುಗಳು

ಒಂದಕ್ಷರವೂ ಬಾರದೆ ಅಕ್ಷರದ ಪರೀಕ್ಷೆ ಪಾಸು ಮಾಡಿದವನು ಹೊನ್ನಾಳಿ ಸೀಮೆಗೇ ನಾನೊಬ್ಬ. ಅದನ್ನು ಕಣ್ಣಾರೆ ಕಂಡಿದ್ದ ಹಾಸ್ಟೆಲ್ ವಾರ್ಡನ್ ತೀರಿಕೊಂಡು ಬಹಳ ಕಾಲವಾಯಿತು.

ಎಪ್ಪತ್ತರ ದಶಕ. ಮಕ್ಕಳ ಹಾಸ್ಟೆಲಿನಲ್ಲಿ ಜವಾನನ ಕೆಲಸ ಖಾಲಿ ಇತ್ತು. ಸಿಕ್ಕೇಬಿಟ್ಟಿತು ಅಂತ ಸವಳಂಗದ ಮಾವನಿಗೆ ಆಗಲೇ ಹೇಳಿಬಿಟ್ಟಿದ್ದೆ.

“ಓದಾಕೆ ಬರ್ತದೇನ್ರೀ?” ಅಂದರು ವಾರ್ಡನ್.

“ನೀರು ಕುಡಿದಂಗೆ, ಸ್ವಾಮಿ.”

ಅವರು ತಮ್ಮ ಅಜ್ಜನ ಕಾಲದ ಮಕ್ಕಳಾಟದ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರು. ಚಿತ್ರದ ಕಾರ್ಡು ಬೇರೆ, ಹೆಸರಿನ ಕಾರ್ಡು ಬೇರೆ. “ಜೋಡಿ ಮಾಡ್ರಿ.”

ಆನೆ ಕೈಗೆ ಬಂತು. ಹೆಸರುಗಳೆಲ್ಲ ಒಂದೇ ಥರದ ಇರುವೆ ಸಾಲು. ಮಾವನ ಮುಖ ಕಣ್ಣಿಗೆ ಕಟ್ಟಿತು. ಆಗ ಕಂಡಿತು ನೋಡಿ: ಆನೆಯ ಕಿವಿ ಮೇಲೊಂದು ಎಣ್ಣೆ ಕಲೆ, ಹೆಸರಿನ ಕಾರ್ಡೊಂದರಲ್ಲೂ ಅಂಥದೇ ಕಲೆ. ಎಷ್ಟೋ ವರ್ಷ ಜೋಡಿಯಾಗೇ ಕಟ್ಟಿಟ್ಟು, ಒಂದರ ಕಲೆ ಇನ್ನೊಂದಕ್ಕೆ ಇಳಿದಿತ್ತು. ಉಳಿದವಕ್ಕೂ ಅರಿಶಿನವೋ ಮಸಿಯೋ ಅಂಟಿತ್ತು. ನನ್ನ ಬೆವರಿನಿಂದ ಹೊಸ ಕಲೆ ಆಗದಂತೆ ಕೈ ಒರೆಸಿಕೊಳ್ಳುತ್ತಾ ಎಲ್ಲವನ್ನೂ ಜೋಡಿಸಿದೆ. ಕೆಲಸ ಸಿಕ್ಕಿತು.

ಇದನ್ನು ಬರೆದುಕೊಳ್ಳುತ್ತಿರುವ ಮೊಮ್ಮಗಳು ಪೆನ್ನು ನಿಲ್ಲಿಸಿದಳು. “ಅಜ್ಜ, ಹೋದ ಸಲ ಹೇಳುವಾಗ ಆ ಕಾರ್ಡು ಹೊಸವು, ಮಿರಮಿರ ಮಿಂಚ್ತಿದ್ವು ಅಂದಿದ್ದೆಯಲ್ಲ?”

ನಾನು ಎಲೆಗೆ ಸುಣ್ಣ ಸವರಿಕೊಂಡೆ. “ಇಷ್ಟು ಸಲ ಹೇಳೀನಿ, ಹಳೇವಾಗದೆ ಇರ್ತಾವೇನೇ?”