ಸದ್ದಿಲ್ಲದ ಕಬಡ್ಡಿ

ಮಕ್ಕಳ ಮುಖಕ್ಕಿಂತ ಮೊದಲು ಹೆಜ್ಜೆಯನ್ನು ಗುರುತಿಸುವುದು ನೀಲಪ್ಪ ಮಾಸ್ತರರ ಅಭ್ಯಾಸ. ಬಾಗಲಗುಂಟೆಯ ಪ್ರೌಢಶಾಲೆಯಲ್ಲಿ ಹತ್ತೊಂಬತ್ತು ವರ್ಷ ಆಟ ಕಲಿಸಿದವರು ಅವರು. ಹೊಂಗೆ ಮರದ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರೂ, ಓಡಿ ಬರುತ್ತಿರುವವರು ಯಾರು, ಬೂಟು ದೊಡ್ಡದಾದವರು ಯಾರು, ತಿಂಡಿ ತಿನ್ನದೆ ಬಂದವರು ಯಾರು ಎಂಬುದನ್ನು ಸಪ್ಪಳದಲ್ಲೇ ಹೇಳಿಬಿಡುತ್ತಿದ್ದರು. ಅವರಿಗೆ ತಿಳಿಯದ ಹಾಗೆ ಬರುತ್ತಿದ್ದವರು ಕೆಲವು ಮಕ್ಕಳು ಮಾತ್ರ. ಆ ಮಕ್ಕಳ ಕಾಲಿಗೆ ಸದ್ದೇ ಇರಲಿಲ್ಲ. ನೆರಳು ಸರಿದಂತೆ ಬಂದು, ಪಕ್ಕದಲ್ಲಿ ನಿಂತು, "ಸರ" ಎಂದು ಪಿಸುಗುಟ್ಟುತ್ತಿದ್ದರು.

ಅವರು ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರ ಮಕ್ಕಳು. ಮನೆಯೆಂದರೆ ಒಂದೇ ಕೋಣೆ, ನಡುವೆ ಹಳೆಯ ಸೀರೆಯ ಪರದೆ. ಬೆಳಿಗ್ಗೆ ಪರದೆಯ ಆಚೆ ಮಲಗಿದ ಅಪ್ಪ ಏಳುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಈಚೆಗೆ ಪಾತ್ರೆ ಸದ್ದಾಗಬಾರದು, ಬಕೆಟ್ಟಿಗೆ ನೀರು ಸುರಿಯಬಾರದು, ನಗು ಬಂದರೆ ಬಾಯಿಗೆ ದಿಂಬು. ಅಂಥ ಮನೆಯ ಮಕ್ಕಳು ತುದಿಗಾಲಿನಲ್ಲೇ ಬೆಳೆಯುತ್ತಾರೆ.

ನೀಲಪ್ಪನವರಿಗೆ ಇದು ಯಾರೋ ಹೇಳಿ ತಿಳಿದದ್ದಲ್ಲ. ಗಜೇಂದ್ರಗಡದಿಂದ ಬಂದ ಹೊಸದರಲ್ಲಿ, ಈ ಕೆಲಸ ಸಿಗುವ ಮೊದಲು, ಎರಡು ವರ್ಷ ಅವರೂ ರಾತ್ರಿಯೆಲ್ಲ ಲೇತ್ ಯಂತ್ರದ ಮುಂದೆ ನಿಂತವರೇ. ಹಗಲಿನ ನಿದ್ದೆ ಎಷ್ಟು ತೆಳ್ಳಗಿರುತ್ತದೆ, ಒಂದು ಚಮಚ ಬಿದ್ದರೆ ಹೇಗೆ ಹರಿದುಹೋಗುತ್ತದೆ ಎಂಬುದು ಅವರಿಗೆ ಅನುಭವದಿಂದಲೇ ಗೊತ್ತಿತ್ತು.

ದಸರೆಯ ರಜೆ ಮುಗಿದ ವಾರ ಗಣಿತದ ಹೇಮಲತಾ ಮೇಡಂ ಅವರನ್ನು ಹುಡುಕಿಕೊಂಡು ಬಂದರು.

"ಸಾರ್, ಗುರುವಾರದ ನಿಮ್ಮ ಪೀರಿಯಡ್ ನನಗೆ ಬಿಟ್ಬಿಡಿ. ಟೆಂತ್‌ನಲ್ಲಿ ಅರ್ಧ ಜನ ಫೇಲು."

"ವಾರಕ್ಕ ಅವು ಮೈ ಬಿಚ್ಚೂದು ಅದೊಂದ ತಾಸು ರೀ, ಮೇಡಂ."

"ಮೈ ಬಿಚ್ಚಿ ಏನ್ ಬಂತು? ಬಾಯಿ ಬಿಚ್ಚಲ್ವಲ್ಲ! ಅರ್ಥ ಆಯ್ತಾ ಅಂದ್ರೆ ಕೋಲೆಬಸವನ ಥರ ತಲೆ ಆಡಿಸ್ತಾವೆ. ಆ ಮಹಾದೇವೀನೇ ನೋಡಿ. ಅರ್ಧ ಲೆಕ್ಕ ಚೆನ್ನಾಗೇ ಮಾಡ್ತಾಳೆ, ಸಿಕ್ಕಾಕ್ಕೊಂಡ ಕಡೆ ಪೆನ್ ಇಟ್ಟು ಕೂತ್ಬಿಡ್ತಾಳೆ. ಒಂದು ದಿನಾನೂ ಕೇಳಿಲ್ಲ. ಫೇಲಾದ್ರೆ ಗಾರ್ಮೆಂಟ್ಸ್‌ಗೆ ಸೇರಿಸ್ತೀನಿ ಅಂತ ಅವರಮ್ಮ ನನ್ ಮುಂದೇನೇ ಹೇಳಿದ್ರು."

ನೀಲಪ್ಪನವರು ಕೊರಳಿನ ಸೀಟಿಯನ್ನು ಬೆರಳಲ್ಲಿ ಹೊರಳಿಸಿದರು.

"ಪೂರ್ವಸಿದ್ಧತಾ ಪರೀಕ್ಷೆ ತನಕ ತಡೀರಿ. ಅಕಿ ಅದರಾಗೂ ಫೇಲಾದ್ರ, ಪೀರಿಯಡ್ ನಿಮದ."

ಆ ಗುರುವಾರ ಮಧ್ಯಾಹ್ನ ಮೈದಾನ ಅರೆನಿದ್ದೆಯಲ್ಲಿದ್ದಂತೆ ಇತ್ತು. ದೂರದ ಶೆಡ್ಡುಗಳಿಂದ ಕಬ್ಬಿಣ ಅರೆಯುವ ಸದ್ದು ಜೇನುಗೂಡಿನ ಗುಂಯ್‌ಗುಟ್ಟುವಿಕೆಯಂತೆ ತೇಲಿ ಬರುತ್ತಿತ್ತು. ಮಹಾದೇವಿ ನಡುಗೆರೆ ದಾಟಿ ಎದುರಾಳಿಗಳ ಅಂಕಣಕ್ಕೆ ಹೋದಳು. ಹೋದದ್ದು ಕಂಡಿತು, ಕೇಳಲಿಲ್ಲ. ಮೀನಿನ ಹಾಗೆ ಹೊರಳಿ ಮೂವರನ್ನು ಮುಟ್ಟಿ ವಾಪಸು ಬಂದಳು. ತುಟಿ ಮಾತ್ರ ಕಬಡ್ಡಿ ಕಬಡ್ಡಿ ಎಂದು ಅಲುಗುತ್ತಿತ್ತು.

"ಸಾರ್, ಇವ್ಳು ಮ್ಯೂಟಲ್ಲಿದಾಳೆ!" ಎಂದು ಎದುರು ತಂಡದ ಭಾಗ್ಯಶ್ರೀ ಕೂಗಿದಳು. ಹುಡುಗಿಯರೆಲ್ಲ ನಕ್ಕರು. ನಿಯಮ ನಿಯಮವೇ; ದನಿ ಕೇಳದಿದ್ದರೆ ಅಂಕ ಎದುರಾಳಿಗೆ.

ನೀಲಪ್ಪನವರು ಅವಳನ್ನು ಮರದಡಿಗೆ ಕರೆದರು. "ಯಾಕವ್ವ, ಜೋರಾಗಿ ಅನ್ನಾಕ ಏನಾತು?"

"ಅಪ್ಪಾಗ ಎಚ್ಚರ ಆಕ್ಕೈತ್ರಿ, ಸರ" ಎಂದಳು.

ಹೇಳಿದ ಮೇಲೆ ಅವಳೇ ಸುತ್ತ ನೋಡಿದಳು. ಮನೆ ಇದ್ದದ್ದು ಒಂದು ಮೈಲಿಯಾಚೆ. ಬೆಚ್ಚಗಿನ ಬಯಲು, ಆಕಾಶ, ಎಲ್ಲಿಯೂ ಪರದೆಯಿಲ್ಲ. ತರಗತಿಯಲ್ಲಿಯೂ ಈ ಹುಡುಗಿ ಯಾರನ್ನೋ ಎಬ್ಬಿಸಿಬಿಡುವ ಭಯದಲ್ಲೇ ಕುಳಿತಿರುತ್ತಾಳೆ ಎಂದು ಆಗ ನೀಲಪ್ಪನವರಿಗೆ ಹೊಳೆಯಿತು.

ಅಂದಿನಿಂದ ದಿನವೂ ಪ್ರಾರ್ಥನೆಗೆ ಮುಂಚೆ ಅವಳನ್ನು ಕಾಂಪೌಂಡ್ ಗೋಡೆಯ ಬಳಿ ನಿಲ್ಲಿಸಿ, ತಾವು ಹತ್ತು ಹೆಜ್ಜೆ ದೂರ ನಿಲ್ಲುತ್ತಿದ್ದರು. "ನನಗ ಕೇಳಬೇಕು, ಅಷ್ಟ." ಕೇಳಿದ ಮರುದಿನ ಇನ್ನೈದು ಹೆಜ್ಜೆ ಹಿಂದಕ್ಕೆ. ಗುಬ್ಬಿಮರಿ ಸೂರಿನ ಅಂಚಿಗೆ ಬಂದು ಹಿಂದಕ್ಕೆ ಸರಿಯುವ ಹಾಗೆ ಅವಳ ದನಿ ಬಂದು ಬಂದು ಅಡಗುತ್ತಿತ್ತು. ಡಿಸೆಂಬರ್ ಹೊತ್ತಿಗೆ ಮೂವತ್ತು ಹೆಜ್ಜೆಯಾಯಿತು.

ಆಗಲೇ ಒಂದು ಗುರುವಾರ ಅವಳ ತಂದೆ ಪರಮಾನಂದ ಶಾಲೆಗೆ ಬಂದ. ಕಣ್ಣು ಕೆಂಡದಂತಿದ್ದವು.

"ಮಾಸ್ತರ, ನನ್ನ ಮಗಳಿಗೆ ಏನ್ ಹಚ್ಚೀರಿ? ಮೊದಲ ಮನ್ಯಾಗ ಅದಾಳೋ ಇಲ್ಲೋ ತಿಳೀತಿರಲಿಲ್ಲ. ಈಗ ಬಚ್ಚಲದಾಗ ನಿಂತು ಕಬಡ್ಡಿ ಕಬಡ್ಡಿ ಅಂತಾಳ. ನಾಕ್ ದಿನ ಆತು ನಿದ್ದಿ ಇಲ್ಲ. ನಿನ್ನೆ ಪ್ರೆಸ್ ಮಶೀನಿನ ಬಾಯಾಗ ಕೈ ಹೋಗೂದು ಕೂದಲೆಳಿ ಮ್ಯಾಲ ತಪ್ಪೈತಿ. ನಾಳಿಂದ ಆಟ ಬ್ಯಾಡ."

ನೀಲಪ್ಪನವರು ವಾದ ಮಾಡಲಿಲ್ಲ. ವಾದಕ್ಕೆ ಎಡೆಯೂ ಇರಲಿಲ್ಲ.

"ನಿಮ್ಮ ಮಾತು ಖರೆ. ತಪ್ಪು ನಂದ. ಮನ್ಯಾಗ ಉಸುರು ಬಿಡಬ್ಯಾಡ ಅಂತ ಅಕಿಗೆ ನಾನ ಹೇಳತೀನಿ. ಆದ್ರ ಇವತ್ತೊಂದಿನ ಇಲ್ಲಿ ಕೂತು ನೋಡಿ ಹೋಗ್ರಿ."

ಪರಮಾನಂದ ಮರಕ್ಕೆ ಒರಗಿದ. ರೆಪ್ಪೆಗಳು ತಾವಾಗಿ ಇಳಿಯುತ್ತಿದ್ದವು. ಮಹಾದೇವಿ ಗೆರೆ ದಾಟಿದಳು. ನಾಲ್ಕು ಸಲ ಕಬಡ್ಡಿ ಎಂದವಳು, ತಿರುಗುವಾಗ ಅಪ್ಪನನ್ನು ಕಂಡಳು. ದನಿ ನಡುಗಿ ತಗ್ಗಿತು. ನೀಲಪ್ಪನವರ ಕೈ ತಾನಾಗಿ ಸೀಟಿಯ ಕಡೆಗೆ ಹೋಯಿತು. ಇನ್ನೊಂದು ಕ್ಷಣ ದನಿ ಕೇಳದಿದ್ದರೆ ಊದಲೇಬೇಕಾಗಿತ್ತು.

ಆದರೆ ಅಪ್ಪ ಆಗ ಕಣ್ಣು ತೆರೆದ. ನೆಟ್ಟ ನೋಟದಿಂದ ಅವಳನ್ನೇ ನೋಡಿದ. ಅಪ್ಪ ಎಚ್ಚರವಾಗಿದ್ದಾನೆ! ಎಬ್ಬಿಸುವ ಭಯ ಇನ್ನೆಲ್ಲಿಯದು? "ಕಬಡ್ಡಿ! ಕಬಡ್ಡಿ! ಕಬಡ್ಡಿ!" ಎನ್ನುವ ದನಿ ಅಂಗಳದಿಂದ ಎದ್ದು, ಹೊಂಗೆಯ ಎಲೆಗಳನ್ನು ಹಾದು, ಮಹಡಿಯ ಕಿಟಕಿಗಳವರೆಗೆ ಏರಿತು. ಭಾಗ್ಯಶ್ರೀ ಹಿಡಿಯುವುದನ್ನೇ ಮರೆತು ನಿಂತಳು.

ಅವಳು ಗೆರೆ ದಾಟಿ ಮರಳಿದ ಮೇಲೆ ಪರಮಾನಂದ ಕೇಳಿದ: "ಇದು ಅಕಿ ದನೀನ ಏನ್ರಿ, ಮಾಸ್ತರ?"

"ಅಕೀದ."

"ಹದಿನಾರು ವರ್ಷ ಆತು ನೋಡ್ರಿ, ನಾ ಕೇಳಿದ್ದಿಲ್ಲ." ಮುಖ ಒರೆಸಿಕೊಂಡು ಎದ್ದ. "ಆಡ್ಲಿ. ಆದ್ರ ಇಲ್ಲೇ ಆಡ್ಲಿ, ಬಚ್ಚಲದಾಗ ಅಲ್ಲ."

ಮುಂದಿನ ವಾರ ನೀಲಪ್ಪನವರು ಹತ್ತನೆಯ ತರಗತಿಯ ಕಿಟಕಿಯ ಪಕ್ಕ ಹಾದುಹೋಗುತ್ತಿದ್ದರು. ಒಳಗೆ ಹೇಮಲತಾ ಮೇಡಂ ತ್ರಿಕೋನಮಿತಿಯ ಲೆಕ್ಕ ಮುಗಿಸಿ, ರೂಢಿಯಂತೆ "ಅರ್ಥ ಆಯ್ತಾ?" ಎಂದರು. ತಲೆಗಳು ಆಡಿದವು.

"ಇಲ್ರೀ, ಮೇಡಂ!"

ಪಕ್ಕದ ಕೋಣೆಯ ಪಾಠವೂ ಒಂದು ಗಳಿಗೆ ನಿಂತಿತು. ಹೇಮಲತಾ ಮೇಡಂ ಸೀಮೆಸುಣ್ಣ ಹಿಡಿದ ಕೈಯಲ್ಲೇ ತಿರುಗಿದರು. "ಎಲ್ಲಿಂದ ಗೊತ್ತಾಗಿಲ್ಲ, ಮಹಾದೇವಿ?"

"ಮೂರನೇ ಸಾಲಿನಿಂದ್ರಿ."

"ನಂಗೆ ಎರಡನೇ ಸಾಲಿಂದಾನೇ, ಮೇಡಂ" ಎಂದಿತು ಇನ್ನೊಂದು ದನಿ. "ನಂಗೆ ಏನೂ ಗೊತ್ತಾಗಿಲ್ಲ" ಎಂದಳು ಭಾಗ್ಯಶ್ರೀ. ಬೋರ್ಡು ಒರೆಸುವ ಸದ್ದು ಹೊರಗೆ ಕೇಳಿಸಿತು.

ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಮಹಾದೇವಿಗೆ ಎಂಬತ್ತಕ್ಕೆ ನಲವತ್ತೊಂದು ಬಂತು. ದೊಡ್ಡ ಅಂಕವೇನಲ್ಲ, ಆದರೂ ಪಾಸು; ಅವಳ ತಾಯಿ ಗಾರ್ಮೆಂಟ್ಸಿನ ಮಾತು ಬಿಡಲು ಅದು ಸಾಕಾಯಿತು. ಆ ಸಂಜೆ ಹೇಮಲತಾ ಮೇಡಂ ಉತ್ತರಪತ್ರಿಕೆಗಳ ಕಟ್ಟನ್ನು ಎದೆಗವಚಿಕೊಂಡು ಮೈದಾನದ ಅಂಚಿನಲ್ಲಿ ನಿಂತಿದ್ದರು. ನೀಲಪ್ಪನವರು ಕುರ್ಚಿ ತರಿಸಲು ಹೊರಟರೆ, ಬೇಡವೆಂದು ತಲೆಯಾಡಿಸಿ, ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆಯೇ ಕುಳಿತರು. ಇಳಿಬಿಸಿಲಿನಲ್ಲಿ ಹುಡುಗಿಯರು ಕೂಗುತ್ತ, ಧೂಳೆಬ್ಬಿಸುತ್ತ ಓಡುತ್ತಿದ್ದರು. ಗುರುವಾರದ ಪೀರಿಯಡ್ಡಿನ ಮಾತನ್ನು ಇಬ್ಬರೂ ಎತ್ತಲಿಲ್ಲ.