ಹಲವು ಮಕ್ಕಳ ತಾಯಿ ಬೇರು

ಐವತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಯಜಮಾನರು ಕಳ್ಳಂಬೆಳ್ಳದ ಸುತ್ತಿನ ಹಳ್ಳಿಗಳಲ್ಲಿ ಮಲೇರಿಯಾಕ್ಕೆಂದು ಮನೆಮನೆಗೆ ಡಿಡಿಟಿ ಪುಡಿ ಕಲಸಿದ ನೀರು ಹೊಡೆಯುತ್ತಿದ್ದರು. ಸಂಜೆ ಬಂದರೆ ಹುಬ್ಬು, ಮೀಸೆ, ಕಿವಿಯ ಸಂದು ಎಲ್ಲ ಬೆಳ್ಳಗೆ. ಪಂಪಿನಿಂದ ಸೋರಿದ ನೀರು ಖಾಕಿ ಚಡ್ಡಿಯನ್ನು ಪೂರ್ತಿ ನೆನೆಸಿರುತ್ತಿತ್ತು. ಅದನ್ನು ಒಗೆಯುವವಳು ನಾನು. ಆ ವಾಸನೆ ಸೋಪಿಗೂ ಜಗ್ಗುತ್ತಿರಲಿಲ್ಲ.

ಮದುವೆಯಾಗಿ ವರ್ಷಗಳಾದರೂ ನನಗೆ ಬಸಿರು ನಿಂತಿರಲಿಲ್ಲ. ಅವರ ಜೊತೆ ಕೆಲಸ ಮಾಡುವ ಇನ್ನೊಬ್ಬರ ಮನೆಯಲ್ಲೂ ತೊಟ್ಟಿಲು ಕಟ್ಟಿರಲಿಲ್ಲ. ಆ ಪುಡಿ ಗಂಡಸಿನ ಬೀಜವನ್ನೇ ಸುಡುತ್ತದಂತೆ ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ಪಿಸುಗುಡುತ್ತಿದ್ದರು. ನಿಜವೋ ಸುಳ್ಳೋ ಹೇಳುವವರಿರಲಿಲ್ಲ. ಆದರೆ ಮದ್ದು ಕುಡಿಯುತ್ತಿದ್ದವಳು ನಾನು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅತ್ತೆ ಗುಡ್ಡದಿಂದ ಹಲವು ಮಕ್ಕಳ ತಾಯಿ ಬೇರು ಅಗೆಸಿ ತರಿಸಿ, ದಿನಾ ಬೆಳಿಗ್ಗೆ ಕುಟ್ಟಿ ರಸ ಹಿಂಡಿ, ಹಾಲಿಗೆ ಬೆರೆಸಿ ನನ್ನ ಮುಂದಿಡುತ್ತಿದ್ದರು.

ಒಂದು ದಿನ ತಡೆಯಲಾರದೆ, "ಅವರ್ಗೂ ಒಂದಿಷ್ಟು ಕೊಟ್ರೆ ಆಗಲ್ವಾ ಅತ್ತೆಮ್ಮ?" ಎಂದೆ.

"ಗಂಡಸ್ಗೆ ತಾಯಿ ಬೇರು ಕುಡಿಸ್ತಾಳಂತೆ! ನನ್ ಮಗ ಏನ್ ಹೆರಬೇಕೇನೇ?" ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಿದರು. "ಯುಗಾದಿ ಒಳ್ಗೆ ಬಸುರಾಗ್ಲಿಲ್ಲ ಅಂದ್ರೆ ನಿಡುಗಲ್ಗೆ ಹೋಗಿ ನಮ್ಮಣ್ಣನ ಮಗಳ್ನ ಕರ್ಕಂಡ್ ಬಂದ್ಬುಡ್ತೀನಿ, ನೋಡ್ತಾ ಇರು."

ಅಲ್ಲೇ ಇದ್ದ ಯಜಮಾನರು "ಹೆಂಗಸ್ರ ಮದ್ದು ನಂಗ್ಯಾಕೆ" ಎಂದಷ್ಟೇ ಹೇಳಿ ಹೊರಟುಬಿಟ್ಟರು. ನಿಡುಗಲ್ ಮಾತಿಗೆ ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಬಂದ ಸಿಟ್ಟು ಅತ್ತೆಯ ಬೈಗುಳಕ್ಕೂ ಬಂದಿರಲಿಲ್ಲ ನನಗೆ.

ಆ ವಾರ ಶಿರಾ ಸಂತೆಗೆ ಹೋದವಳು ನಾರುಬೇರು ಮಾರುವ ಸಾಬರ ಅಂಗಡಿ ಮುಂದೆ ನಿಂತೆ. ಗಂಡನಿಗೆ ಡಿಡಿಟಿ ಕೆಲಸ, ಮಕ್ಕಳಿಲ್ಲ ಎಂದಷ್ಟೇ ಹೇಳಿದೆ. ಮುದುಕರು ಒಂದು ಗೊಂಚಲು ಬೇರು ಎತ್ತಿ ತೋರಿಸಿದರು.

"ಸತಾವರ್, ಬೇಟಿ. ನಮ್ಮಲ್ಲಿ ಗಂಡಸ್ರಿಗೂ ಇದೇ ಕೊಡ್ತೀವಿ. ಮಿಕ್ಕಿದ್ದು ಅಲ್ಲಾನ ಮರ್ಜಿ."

ನೋಡಿದರೆ ನಮ್ಮ ಅಡುಗೆಮನೆಯ ಮೂಲೆಯಲ್ಲಿದ್ದ ಅದೇ ಬೇರು! ಅವರ ಮಾತಿನಲ್ಲಿ ಅದರ ಹೆಸರಿಗೆ ತಾಯಿಯೂ ಇಲ್ಲ, ಮಕ್ಕಳೂ ಇಲ್ಲ. ನಗು ಬಂತು. ಮಾಡಬೇಕಾದ್ದೂ ಹೊಳೆಯಿತು.

ಮರುದಿನದಿಂದ ಬೇರು ಕುಟ್ಟುವ ಕೆಲಸ ನಾನೇ ವಹಿಸಿಕೊಂಡೆ. ಎರಡು ಪಾಲು ಹಿಂಡಿ, ಒಂದನ್ನು ಸೆರಗಿನ ಮರೆಯಲ್ಲಿ ಕೊಟ್ಟಿಗೆಗೆ ಒಯ್ದು ಯಜಮಾನರಿಗೆ ಕೊಟ್ಟೆ.

"ಏನಿದು?"

"ಸತಾವರ್. ಶಿರಾ ಸಾಬ್ರು ಹೇಳಿದ್ದು. ಪುಡಿ ನಂಜಿಗೆ ಒಳ್ಳೇದಂತೆ."

ಅವರು ನನ್ನ ಮುಖವನ್ನೊಮ್ಮೆ ನೋಡಿ ಗಟಗಟ ಕುಡಿದರು. ದಿನಾ ಹೀಗೇ ನಡೆಯಿತು. ಬೇರು ಬೇಗ ಬೇಗ ಮುಗಿಯುವುದನ್ನು ಅತ್ತೆ ಗಮನಿಸುತ್ತಿದ್ದರು. ಒಲೆ ಮುಂದೆ ಕೂತರೂ ನನ್ನ ಬೆನ್ನ ಮೇಲೆ ಅವರ ಕಣ್ಣು. ಯುಗಾದಿ ಹತ್ತಿರವಾದಷ್ಟೂ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ನೇರ ಕೊಟ್ಟಿಗೆಗೇ ಬಂದರು. ಮಗನ ಕೈಯಿಂದ ಲೋಟ ಕಿತ್ತುಕೊಂಡು ಮೂಸಿದರು.

"ಲೇ, ಇದು ಹಲವು ಮಕ್ಕಳ ತಾಯಿ ಕಣ್ಲಾ! ನಿನ್ನ ಹೆಂಗಸು ಮಾಡ್ತಾವ್ಳೆ ನಿನ್ ಹೆಂಡ್ರು!"

ಇವತ್ತೇ ದೊಡ್ಡೇರಿಗೆ, ತವರಿಗೆ ಅಟ್ಟುತ್ತಾರೆ ಎಂದುಕೊಂಡೆ.

ಯಜಮಾನರು ಲೋಟ ವಾಪಸು ತೆಗೆದುಕೊಂಡರು.

"ಗೊತ್ತು ಕಣವ್ವ. ಮೊದಲ್ನೇ ದಿನಾನೇ ಗೊತ್ತಾಯ್ತು. ದಿನಾ ಮನೇಲಿ ಕುಟ್ಟೋ ಬೇರಿನ ವಾಸ್ನೆ ತಿಳಿಯಲ್ವಾ? ಇವ್ಳು ಸತಾವರ್ ಅಂದ್ಲು, ನಾನೂ ಸತಾವರ್ ಅಂತ್ಲೇ ಕುಡ್ದೆ." ಉಳಿದದ್ದನ್ನೂ ಕುಡಿದು ಮುಗಿಸಿದರು. "ಪುಡಿ ಹೊಡಿಯೋನು ನಾನು. ನಂಗೂ ಭಯ ಐತೆ. ನಿಡುಗಲ್ಲಿಂದ ಯಾರ್ನ ತಂದ್ರೂ ಮೈ ಇದೇ ಅಲ್ವಾ ನಂದು?"

ಅತ್ತೆ ಒಳಗೆ ಹೋದರು. ಮರುದಿನ ತಾವೇ ಎದ್ದು ಬೇರು ಕುಟ್ಟಿದರು. ಮೊದಲ ಲೋಟವನ್ನು ಮಗನ ಮುಂದಿಟ್ಟು, ಅವನ ಮುಖ ನೋಡದೆ, "ತಗಾ, ಸತಾವರ್" ಎಂದರು.

ಯುಗಾದಿ ಕಳೆಯಿತು, ನಿಡುಗಲ್ಲಿಗೆ ಯಾರೂ ಹೋಗಲಿಲ್ಲ. ಯಜಮಾನರು ಡಿಡಿಟಿ ಕೆಲಸ ಬಿಟ್ಟ ಮೇಲೆ ನನಗೆ ಮಗಳು ಹುಟ್ಟಿದಳು. ಬೇರಿನಿಂದಲೋ, ಪಂಪು ಕೆಳಗಿಟ್ಟಿದ್ದರಿಂದಲೋ, ನನಗೆ ಇಂದಿಗೂ ತಿಳಿಯದು. ಮತ್ತೆ ಮಕ್ಕಳಾಗಲಿಲ್ಲ. ಅಷ್ಟು ಬೇರು ಕುಡಿದೂ ನಾನು ಹಲವು ಮಕ್ಕಳ ತಾಯಿಯಾಗಲಿಲ್ಲ, ಒಬ್ಬಳ ತಾಯಿಯಾದೆ.